‘ಕೂದ್ಲಾ ಬೋಳಿಸ್ಕೊಂಡು ಬರ್ರಿ’ ಅಂದರಂತೆ: ಸಿದ್ದಿ ಹುಡುಗಿಯ ಫಿಟ್ಸ್ ಬಗ್ಗೆ ಅಣ್ಣನ ಪ್ರಶ್ನೆ

ಪ್ರಶ್ನೆ:

(ಪತ್ರ ಉದ್ದ ಇತ್ತು, ಸ್ವಲ್ಪ ಕಡಿಮೆ ಮಾಡಿದ್ದೇನೆ. ಊರಿನ ಹೆಸರು, ಆಸ್ಪತ್ರೆಯ ಹೆಸರು ತೆಗೆದಿದ್ದೇನೆ.)

ಡಾಕ್ಟರ್ರಿಗೆ ನಮಸ್ಕಾರ. ನಾವು ಕಲಘಟಗಿ ತಾಲೂಕಿನ, ಆಫ್ರಿಕಾ ಮೂಲದ ಸಿದ್ದಿ ಜನ. ನನ್ನ ತಂಗಿಗೆ 20 ವರ್ಷ. ಧಾರವಾಡದಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿಎ ಓದುತ್ತಿದ್ದಾಳೆ. 16ನೇ ವಯಸ್ಸಿಗೆ ಮೊದಲ ಸಲ ಫಿಟ್ಸ್ ಬಂತು. ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದೆ, ಹೆಚ್ಚಾಗಿ ಮುಂಜಾನೆ. ಅದಲ್ಲದೆ ಬೆಳಗ್ಗೆ ಎದ್ದ ಹೊತ್ತಿಗೆ ಒಮ್ಮೊಮ್ಮೆ ಕೈ ಝಗ್ಗನೆ ಜಿಗಿಯುತ್ತದೆ, ಚಹಾದ ಕಪ್ಪು ಕೈಯಿಂದ ಹಾರಿ ಬೀಳುತ್ತದೆ. ಮೈಮೇಲೆ ಎಚ್ಚರ ಇಲ್ಲ ಅಂತ ಅವ್ವ ಬೈಯುತ್ತಾಳೆ. ಮೊದಲು ಕಾರ್ಬಮಜೆಪಿನ್ ಮಾತ್ರೆ ಕೊಟ್ಟರು. ಜಿಗಿತ ಜಾಸ್ತಿ ಆಯಿತು. ತಿರುಗಿ ಹೋದಾಗ ‘ನಿಮ್ಮ ಮಂದಿ ಗುಳಿಗಿ ಸರಿಯಾಗಿ ತಗೊಳ್ಳಂಗಿಲ್ಲ’ ಅಂದರು. ಅವಳು ಒಂದು ಹೊತ್ತೂ ಬಿಟ್ಟಿರಲಿಲ್ಲ. ಈಗ ಬೇರೆ ಕಡೆ ವಾಲ್ಪ್ರೊಯೇಟ್ ಕೊಟ್ಟಿದ್ದಾರೆ. ಫಿಟ್ಸ್ ಕಡಿಮೆ ಆಗಿದೆ, ಆದರೆ ಮೈ ದಪ್ಪ ಆಗುತ್ತಿದೆ, ಕೂದಲು ಉದುರುತ್ತಿದೆ. ಇಇಜಿ (ಮೆದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ) ಮಾಡಿಸಲು ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕೌಂಟರಿನಲ್ಲಿ ಪಾಸ್‌ಪೋರ್ಟ್ ಕೇಳಿದರು. ಒಳಗೆ ‘ಈ ಕೂದ್ಲಾಗ ವೈರ್ ನಿಲ್ಲಂಗಿಲ್ಲ, ಬೋಳಿಸ್ಕೊಂಡು ಬರ್ರಿ’ ಅಂದರು, ಎಲ್ಲರ ಮುಂದೆ. ಇನ್ನೊಬ್ಬರು ‘ಹಂದಿ ತಿಂದ್ರ ತಲ್ಯಾಗ ಹುಳಾ ಆಗ್ತಾವ’ ಅಂದರು. ಸ್ಕ್ಯಾನ್ ಮೊದಲೇ ಮಾಡಿಸಿದ್ದೆವು, ಅದು ನಾರ್ಮಲ್ ಇತ್ತು. ತಂಗಿ ಅಳುತ್ತ ಹೊರಗೆ ಬಂದಳು. ಇನ್ನು ಯಾವ ದವಾಖಾನೆಗೂ ಬರುವುದಿಲ್ಲ ಅನ್ನುತ್ತಾಳೆ. ಇದು ನಮ್ಮ ಜನಾಂಗದ ರಕ್ತದಲ್ಲೇ ಇರುವ ಬ್ಯಾನಿಯಾ? ಇಇಜಿ ಬೇಕೇ ಬೇಕಾ? ಮಾತ್ರೆ ಬಿಡಬಹುದಾ? ಮದುವೆ ಮಾತು ನಡೆದಿದೆ, ಹೇಳಬೇಕಾ? ದೂರು ಕೊಟ್ಟರೆ ಮುಂದೆ ನಮ್ಮನ್ನು ಯಾರೂ ನೋಡದೇ ಹೋದರೆ?

ಉತ್ತರ:

ತಮ್ಮಾ, ನಿಮ್ಮ ಪತ್ರ ಓದುತ್ತ ನಾನು ಮೊದಲು ನಿಂತದ್ದು ಆ ಚಹಾದ ಕಪ್ಪಿನ ಹತ್ತಿರ. ಪಾಸ್‌ಪೋರ್ಟ್ ಕೇಳಿದ್ದು, ಕೂದಲಿನ ಮಾತು, ಎಲ್ಲಕ್ಕೂ ಬರುತ್ತೇನೆ, ಅದು ಸಣ್ಣ ವಿಷಯ ಅಲ್ಲವೇ ಅಲ್ಲ. ಆದರೆ ನಾಲ್ಕು ವರ್ಷದಿಂದ ನಿಮ್ಮ ತಂಗಿಯ ಕೈಯಿಂದ ಕಪ್ಪು ಹಾರಿ ಬೀಳುತ್ತಿದೆ, ಇಷ್ಟು ಡಾಕ್ಟರುಗಳಲ್ಲಿ ಒಬ್ಬರೂ ಅದನ್ನು ಕೇಳಿದಂತೆ ಕಾಣುವುದಿಲ್ಲ. ಅವಳ ಕಾಯಿಲೆಯ ಸುಳಿವು ಅಲ್ಲೇ ಇದೆ.

ಹದಿಹರೆಯದಲ್ಲಿ ಶುರುವಾಗುವುದು. ಎದ್ದ ಸ್ವಲ್ಪ ಹೊತ್ತಿನಲ್ಲಿ ಕೈ, ಭುಜ ಜಿಗಿಯುವುದು. ಆಗ ಎಚ್ಚರ ತಪ್ಪುವುದಿಲ್ಲ, ಆದರೆ ಹಲ್ಲುಜ್ಜುವ ಬ್ರಷ್ಷೋ ಕಪ್ಪೋ ಹಾರಿ ಹೋಗುತ್ತದೆ. ನಡುನಡುವೆ ಪೂರ್ತಿ ಫಿಟ್ಸ್. ಇಷ್ಟೂ ಒಟ್ಟಿಗೆ ಸಿಕ್ಕರೆ ನರರೋಗದ ಡಾಕ್ಟರಿಗೆ ಮೊದಲು ನೆನಪಾಗುವ ಹೆಸರು ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ. ಚಿಕ್ಕದಾಗಿ ಜೆಎಂಇ ಅನ್ನುತ್ತೇವೆ. ಪತ್ರ ಓದಿ ಇದೇ ಅಂತ ನಾನು ಬರೆದುಕೊಡಲಾರೆ. ಅವಳನ್ನು ಎದುರು ಕೂರಿಸಿಕೊಂಡು ಕೇಳಬೇಕು, ಇಇಜಿ ನೋಡಬೇಕು. ಆದರೂ ಅನುಮಾನ ಬಲವಾಗಿದೆ. ಸ್ಕ್ಯಾನ್ ನಾರ್ಮಲ್ ಬಂದದ್ದೂ ಇದಕ್ಕೆ ಹೊಂದುತ್ತದೆ, ಯಾಕೆಂದರೆ ಜೆಎಂಇಯಲ್ಲಿ ಸಾಮಾನ್ಯವಾಗಿ ಸ್ಕ್ಯಾನ್‌ನಲ್ಲಿ ಏನೂ ಕಾಣುವುದಿಲ್ಲ.

ಈಗ ಆ ಮೊದಲ ಮಾತ್ರೆಗೆ ಬನ್ನಿ. ಕಾರ್ಬಮಜೆಪಿನ್ ಒಳ್ಳೆಯ ಔಷಧವೇ. ಮೆದುಳಿನ ಒಂದು ಜಾಗದಿಂದ ಶುರುವಾಗುವ ಫಿಟ್ಸ್‌ಗೆ ನಾವು ದಿನಾ ಬರೆಯುತ್ತೇವೆ. ಆದರೆ ಜೆಎಂಇ ಇದ್ದವರಿಗೆ ಅದನ್ನು ಕೊಟ್ಟರೆ ಜಿಗಿತ ಹೆಚ್ಚಾಗಬಹುದು. ಫೆನಿಟಾಯಿನ್, ಅಂದರೆ ಮಂದಿಗೆ ಎಪ್ಟಾಯಿನ್ ಅಂತ ಗೊತ್ತಿರುವ ಮಾತ್ರೆ, ಅದರಲ್ಲೂ ಹೀಗೆ ಆಗುವುದುಂಟು. ಇದು ಪಠ್ಯಪುಸ್ತಕದಲ್ಲೇ ಇರುವ ವಿಷಯ. ಹಾಗಾಗಿ ಮಾತ್ರೆ ತೆಗೆದುಕೊಂಡ ಮೇಲೆ ಜಿಗಿತ ಜಾಸ್ತಿ ಆಯಿತು ಅಂತ ನಿಮ್ಮ ತಂಗಿ ಹೇಳಿದಾಗ ಅವಳು ಡಾಕ್ಟರಿಗೆ ಬಹಳ ಬೆಲೆಯುಳ್ಳ ಸುಳಿವು ಕೊಟ್ಟಿದ್ದಳು. ಎದುರಿದ್ದವರಿಗೆ ಕೇಳಿಸಿದ್ದು ‘ಇವರು ಗುಳಿಗಿ ತಗೊಂಡಿಲ್ಲ’ ಅಂತ. ಜನಾಂಗದ ಬಗ್ಗೆ ಒಂದು ತೀರ್ಮಾನ ಮೊದಲೇ ತಲೆಯಲ್ಲಿ ಕೂತಿದ್ದರೆ ಮುಂದಿನ ಪ್ರಶ್ನೆ ಬಾಯಿಗೆ ಬರುವುದೇ ಇಲ್ಲ. ‘ಎಷ್ಟು ಹೊತ್ತಿಗೆ ಜಿಗಿಯುತ್ತದೆ, ಯಾವ ಕೈ, ಆಗ ಗೊತ್ತಾಗುತ್ತದಾ’ ಅಂತ ಕೇಳಲು ಎರಡು ನಿಮಿಷ ಸಾಕಿತ್ತು. ಕೇಳದೇ ಹೋದದ್ದಕ್ಕೆ ಒಂದು ಹುಡುಗಿ ಸುಮ್ನೆ ಸುಳ್ಳುಗಾರ್ತಿ ಅನ್ನಿಸಿಕೊಂಡಳು, ಕಾಯಿಲೆಯೂ ಬೆಳೆಯಿತು. ಆಸ್ಪತ್ರೆಯಲ್ಲಿ ಭೇದ ಅಂದರೆ ಬೈಗುಳ ಒಂದೇ ಅಲ್ಲ, ಬಹಳ ಸಲ ಅದು ಇಷ್ಟು ಸದ್ದಿಲ್ಲದೆ ನಡೆಯುತ್ತದೆ.

ಇನ್ನು ರಕ್ತದ ಪ್ರಶ್ನೆ. ಇಲ್ಲ, ಇದು ಸಿದ್ದಿ ಜನಾಂಗದ ಕಾಯಿಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಅಪಸ್ಮಾರ, ಅಂದರೆ ಈ ಫಿಟ್ಸ್ ಕಾಯಿಲೆ, ಇದೆ. ಭಾರತದಲ್ಲೇ ಒಂದು ಕೋಟಿ ದಾಟುತ್ತದೆ ಅನ್ನುತ್ತಾರೆ. ನನ್ನ ಹತ್ತಿರ ಜೆಎಂಇ ಅಂತ ಬರುವ ಮಕ್ಕಳು ಲಿಂಗಾಯತರ ಮನೆಯವರು, ಕುರುಬರ ಮನೆಯವರು, ಮುಸಲ್ಮಾನರು, ಬ್ರಾಹ್ಮಣರು, ಎಲ್ಲರೂ ಇದ್ದಾರೆ. ಜೆಎಂಇಯಲ್ಲಿ ಅನುವಂಶಿಕ ಪಾಲು ಇದೆ, ನಿಜ. ಆದರೆ ಅದು ಮನೆತನದ ಮಟ್ಟದ ಮಾತು. ಒಬ್ಬರಿಗಿದ್ದರೆ ಅವರ ಹತ್ತಿರದ ಸಂಬಂಧಿಕರಲ್ಲಿ ಸಾಧ್ಯತೆ ಸ್ವಲ್ಪ ಹೆಚ್ಚು. ಇಡೀ ಜನಾಂಗಕ್ಕೆ ಅದನ್ನು ಅಂಟಿಸಲು ಬರುವುದಿಲ್ಲ. ನಿಮ್ಮ ಹಿರಿಯರನ್ನು ನೂರಾರು ವರ್ಷದ ಹಿಂದೆ ಪೂರ್ವ ಆಫ್ರಿಕಾದಿಂದ ಗುಲಾಮರನ್ನಾಗಿ ತಂದರು, ಗೋವಾದ ಕಡೆಯಿಂದ ತಪ್ಪಿಸಿಕೊಂಡು ಅವರು ಈ ಘಟ್ಟದ ಕಾಡಿಗೆ ಬಂದರು. ಆ ಇತಿಹಾಸ ನಿಮ್ಮ ಕೂದಲಿನಲ್ಲಿ, ಬಣ್ಣದಲ್ಲಿ ಕಾಣುತ್ತದೆ. ಫಿಟ್ಸ್‌ಗೆ ಅದು ಕಾರಣ ಅಲ್ಲ.

ಬಡ ಊರುಗಳಲ್ಲಿ, ಕಾಡಂಚಿನ ಹಳ್ಳಿಗಳಲ್ಲಿ ಫಿಟ್ಸ್ ಜಾಸ್ತಿ ಕಾಣುವುದುಂಟು, ಅಲ್ವಾ? ಅದಕ್ಕೆ ಕಾರಣ ಬೇರೆ. ಹೆರಿಗೆ ತಡವಾಗಿ ಮಗುವಿನ ಮೆದುಳಿಗೆ ಉಸಿರು ಸಾಲದೆ ಹೋಗುವುದು, ಮೆದುಳು ಜ್ವರಕ್ಕೆ ಬೇಗ ಚಿಕಿತ್ಸೆ ಸಿಗದಿರುವುದು, ತಲೆಗೆ ಪೆಟ್ಟು, ಮತ್ತೆ ಹುಳದ ಕಾಯಿಲೆ. ರಸ್ತೆ ಮತ್ತು ದವಾಖಾನೆ ಎಲ್ಲಿ ದೂರವೋ ಅಲ್ಲಿ ಇವೆಲ್ಲ ಹೆಚ್ಚು. ಸರಿಯಾದ ಪರೀಕ್ಷೆ, ಸರಿಯಾದ ಔಷಧ ಸಿಕ್ಕರೆ 100 ಜನರಲ್ಲಿ 70 ಜನ ಫಿಟ್ಸ್ ಇಲ್ಲದೆ ಬದುಕಬಹುದು ಅಂತ ಅದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಡ ದೇಶಗಳಲ್ಲಿ ಮುಕ್ಕಾಲು ಪಾಲು ರೋಗಿಗಳಿಗೆ ಆ ಚಿಕಿತ್ಸೆಯೇ ಸಿಗುವುದಿಲ್ಲ ಅಂತಲೂ ಹೇಳುತ್ತದೆ.

ಹುಳದ ಮಾತು ಬಂತಲ್ಲ, ಅದನ್ನೂ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಓದಿದವರೂ ಇದನ್ನು ತಪ್ಪು ತಿಳಿದಿದ್ದಾರೆ. ಸರಿಯಾಗಿ ಬೇಯದ, ಹುಳದ ಗುಳ್ಳೆ ಇರುವ ಹಂದಿ ಮಾಂಸ ತಿಂದರೆ ಲಾಡಿಹುಳ ಆಗುತ್ತದೆ, ಅದು ಇರುವುದು ಕರುಳಿನಲ್ಲಿ. ಮೆದುಳಿನಲ್ಲಿ ಗುಳ್ಳೆ ಆಗುವುದು ಆ ಹುಳದ ಮೊಟ್ಟೆ ಹೊಟ್ಟೆಗೆ ಹೋದಾಗ. ಆ ಮೊಟ್ಟೆ ಹೊರಗೆ ಬರುವುದು ಲಾಡಿಹುಳ ಇರುವ ಮನುಷ್ಯನ ಮಲದಿಂದ. ಅಲ್ಲಿಂದ ನೀರಿಗೆ, ತೊಳೆಯದ ಸೊಪ್ಪಿಗೆ, ಗಜ್ಜರಿಗೆ, ಅಡುಗೆ ಮಾಡುವವರ ಕೈಗೆ. ಹಾಗಾಗಿ ಜನ್ಮದಲ್ಲಿ ಮಾಂಸ ಮುಟ್ಟದವರ ತಲೆಯಲ್ಲೂ ಈ ಗುಳ್ಳೆ ಸಿಗುತ್ತದೆ, ನಾನೇ ನೋಡಿದ್ದೇನೆ. ನಿಮ್ಮ ತಂಗಿಯ ಸ್ಕ್ಯಾನ್‌ನಲ್ಲಿ ಗುಳ್ಳೆಯೇ ಇಲ್ಲ. ಸ್ಕ್ಯಾನ್ ರಿಪೋರ್ಟ್ ಕೈಯಲ್ಲಿರುವ ಹುಡುಗಿಗೆ ಆ ಮಾತು ಹೇಳಿದವರು ರಿಪೋರ್ಟ್ ಓದಿಲ್ಲ, ಮುಖ ಮಾತ್ರ ನೋಡಿದ್ದಾರೆ.

ಒಂದು ರಕ್ತ ಪರೀಕ್ಷೆ ಮಾತ್ರ ಮಾಡಿಸಿಕೊಳ್ಳಿ ಅನ್ನುತ್ತೇನೆ. ಸಿಕಲ್ ಸೆಲ್ ಪರೀಕ್ಷೆ. ಆಫ್ರಿಕಾ ಮೂಲದವರಲ್ಲಿ, ನಮ್ಮ ದೇಶದ ಹಲವು ಬುಡಕಟ್ಟು ಜನರಲ್ಲಿ, ತಂದೆತಾಯಿಯಿಂದ ಮಕ್ಕಳಿಗೆ ಬರುವ ಈ ರಕ್ತದ ಕಾಯಿಲೆ ಕಾಣುತ್ತದೆ. ಅದು ಜೋರಾಗಿದ್ದರೆ ಮೆದುಳಿನ ರಕ್ತನಾಳ ಕಟ್ಟಿ ಪಾರ್ಶ್ವವಾಯು, ಫಿಟ್ಸ್ ಆಗಬಹುದು. ನಿಮ್ಮ ತಂಗಿಯ ಕಥೆ ಹಾಗಿಲ್ಲ, ಅವಳ ಫಿಟ್ಸ್‌ಗೆ ಇದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಮದುವೆ ಮಾತು ನಡೆದಿದೆ ಅಂದಿರಿ, ಅದಕ್ಕಾದರೂ ಗೊತ್ತಿರುವುದು ಒಳ್ಳೆಯದು. 2023ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಿಕಲ್ ಸೆಲ್ ಮಿಷನ್‌ನಲ್ಲಿ ಕರ್ನಾಟಕವೂ ಇದೆ. ಬುಡಕಟ್ಟು ಪ್ರದೇಶದ 40 ವರ್ಷದವರೆಗಿನವರ ಪರೀಕ್ಷೆಗೆಂದೇ ಅದನ್ನು ಮಾಡಿದ್ದು. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮೊದಲು ವಿಚಾರಿಸಿ.

ಈಗ ಕೂದಲು.

ಇಇಜಿಗೆ ತಲೆ ಬೋಳಿಸುವುದು ಬೇಡ. ಯಾರಿಗೂ ಬೇಡ. ಹೆಣ್ಣುಮಗಳಿಗೆ ತಲೆ ಬೋಳಿಸಿಕೊಂಡು ಬಾ ಅನ್ನುವುದು ನಮ್ಮ ಕಡೆ ಎಂಥ ಮಾತು ಅಂತ ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಇಇಜಿಯಲ್ಲಿ ನೆತ್ತಿಯ ಮೇಲೆ ಅಳತೆ ಹಿಡಿದು 21 ಜಾಗ ಗುರುತಿಸಿ, ಅಲ್ಲಿ ಸಣ್ಣ ಬಿಲ್ಲೆಗಳನ್ನು ಪೇಸ್ಟ್ ಹಾಕಿ ಅಂಟಿಸುತ್ತಾರೆ. ಬಿಲ್ಲೆ ಚರ್ಮಕ್ಕೆ ತಾಗಬೇಕು, ಅಷ್ಟೇ. ಒತ್ತಾದ ಗುಂಗುರು ಕೂದಲು ಬಿಲ್ಲೆಯನ್ನು ಮೇಲಕ್ಕೆ ತಳ್ಳುತ್ತದೆ, ಅದು ನಿಜ. ಅದಕ್ಕೆ ಬೈತಲೆ ತೆಗೆದು, ಕ್ಲಿಪ್ ಹಾಕಿ, ಹೆಚ್ಚು ಪೇಸ್ಟ್ ಬಳಸಿ, ಬೇಕಾದರೆ ಮೇಲೆ ಬ್ಯಾಂಡೇಜ್ ಸುತ್ತಿ ಕೂರಿಸಬೇಕು. ಸಮಯ ಜಾಸ್ತಿ ಹಿಡಿಯುತ್ತದೆ. ಆ ಸಮಯ ಕೊಡುವುದು ಆಸ್ಪತ್ರೆಯ ಕೆಲಸ. ಕೂದಲು ಕೊಡುವುದು ರೋಗಿಯ ಕೆಲಸ ಅಲ್ಲ.

ಈ ತೊಂದರೆ ನಿಮ್ಮ ತಂಗಿಗೆ ಮಾತ್ರ ಬಂದದ್ದೂ ಅಲ್ಲ. ಅಮೆರಿಕದಲ್ಲಿ ಕಪ್ಪು ಜನರು ಇದನ್ನೇ ಅನುಭವಿಸಿದ್ದಾರೆ. ಈ ಬಿಲ್ಲೆಗಳನ್ನು ಮಾಡಿದವರು ಇಂಥ ಕೂದಲನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅಲ್ಲಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಅರ್ನೆಲ್ ಎಟಿಯೆನ್ ಅನ್ನುವ ಕಪ್ಪು ವರ್ಣದ ವಿದ್ಯಾರ್ಥಿನಿ ಇದಕ್ಕೆ ಒಂದು ದಾರಿ ಹುಡುಕಿದಳು. ನೆತ್ತಿಗೆ ಅಂಟಿದಂತೆ ಸಾಲುಸಾಲಾಗಿ ಜಡೆ ಹೆಣೆದು, ಆ ಜಡೆಗಳ ನಡುವೆಯೇ ಒತ್ತಿ ಕೂರುವ ಕ್ಲಿಪ್ಪಿನಂಥ ಬಿಲ್ಲೆ ಮಾಡಿದಳು. 2020ರಲ್ಲಿ ಆ ತಂಡದ ಪ್ರಬಂಧ ಬಂತು. ಆ ಕ್ಲಿಪ್ ನಮ್ಮ ಕಡೆ ಸಿಗುವುದಿಲ್ಲ, ಆದರೆ ಜಡೆಯ ಉಪಾಯಕ್ಕೆ ದುಡ್ಡು ಬೇಕಿಲ್ಲ. ನಿಮ್ಮ ಅವ್ವನಿಗೋ ಚಿಕ್ಕಮ್ಮನಿಗೋ ಹೆಣೆಯಲು ಬಂದೇ ಬರುತ್ತದೆ. ಹಿಂದಿನ ದಿನ ಶಾಂಪೂ ಹಾಕಿ ತೊಳೆದು ಪೂರ್ತಿ ಒಣಗಿಸಿ, ಎಣ್ಣೆ ಹಚ್ಚಬೇಡಿ. ಹಣೆಯಿಂದ ಹಿಂದಕ್ಕೆ ನೇರ ಸಾಲು, ಸಾಲಿನ ನಡುವೆ ನೆತ್ತಿ ಕಾಣುವಂತೆ. ಹೋಗುವ ಮೊದಲು ಇಇಜಿ ಮಾಡುವ ಟೆಕ್ನಿಷಿಯನ್ ಹತ್ತಿರ ಫೋನಿನಲ್ಲಿ ಮಾತಾಡಿ, ಗುಂಗುರು ಕೂದಲು ಇದೆ, ಹೀಗೆ ಹೆಣೆದುಕೊಂಡು ಬರುತ್ತೇವೆ, ಸ್ವಲ್ಪ ಜಾಸ್ತಿ ಹೊತ್ತು ಇಟ್ಟುಕೊಳ್ಳಿ ಅಂತ ಹೇಳಿ. ಇಷ್ಟೆಲ್ಲ ನೀವೇ ಮಾಡಬೇಕಾಗಿ ಬಂದದ್ದು ನ್ಯಾಯ ಅಲ್ಲ. ಆದರೂ ಹೇಳುತ್ತಿದ್ದೇನೆ, ಯಾಕೆಂದರೆ ಅವಳಿಗೆ ಆ ಪರೀಕ್ಷೆ ಬೇಕು.

ಬೇಕೇ ಬೇಕಾ ಅಂದಿರಿ. ಜೆಎಂಇ ಅನುಮಾನ ಇದ್ದಾಗ ಇಇಜಿ ಬಹಳ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಕಾಣುವ ಗೆರೆಗಳ ನಮೂನೆ ನೋಡಿ ಯಾವ ಮಾತ್ರೆ ಸರಿ, ಯಾವುದು ಕೂಡದು ಅಂತ ಹೇಳಬಹುದು. ಹಿಂದಿನ ರಾತ್ರಿ ನಿದ್ದೆ ಕಡಿಮೆ ಮಾಡಿಸಿ ಮಾಡಿದರೆ ಸಿಗುವ ಸಾಧ್ಯತೆ ಜಾಸ್ತಿ. ನಿದ್ದೆ ಕೆಟ್ಟರೆ ಅವಳಿಗೆ ಫಿಟ್ಸ್ ಬರಬಹುದು, ಹಾಗಾಗಿ ಡಾಕ್ಟರ್ ಹೇಳಿದರೆ ಮಾತ್ರ, ಮತ್ತು ನೀವು ಜೊತೆಗಿದ್ದಾಗ ಮಾತ್ರ. ಒಂದು ಸಲ ಇಇಜಿ ನಾರ್ಮಲ್ ಬಂದರೆ ಕಾಯಿಲೆ ಇಲ್ಲ ಅಂತ ಅರ್ಥ ಅಲ್ಲ. ಮೊದಲ ಇಇಜಿಯಲ್ಲಿ ಸುಮಾರು ಅರ್ಧ ಜನರಿಗೆ ಏನೂ ಸಿಗುವುದಿಲ್ಲ. ‘ಇಇಜಿ ನಾರ್ಮಲ್, ಇದು ನಾಟಕ’ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ನಿಮ್ಮ ಕೈಯಲ್ಲಿ ಇನ್ನೊಂದು ಗಟ್ಟಿ ಸಾಕ್ಷಿ ಇದೆ, ಮೊಬೈಲ್. ಬೆಳಗಿನ ಆ ಜಿಗಿತದ ವಿಡಿಯೋ ಮಾಡಿ, ಅವಳನ್ನು ಕೇಳಿಯೇ ಮಾಡಿ. ಎಷ್ಟೋ ಸಲ ಅರ್ಧ ನಿಮಿಷದ ವಿಡಿಯೋ ನನಗೆ ದಪ್ಪ ಫೈಲಿಗಿಂತ ಹೆಚ್ಚು ಹೇಳಿದೆ.

ಬಣ್ಣಕ್ಕೆ ಸಂಬಂಧಿಸಿದ ಎರಡು ವಿಷಯ ನೀವು ಕೇಳಿಲ್ಲ, ಆದರೂ ಗೊತ್ತಿರಲಿ. ಫಿಟ್ಸ್ ಉದ್ದ ನಡೆದು ಉಸಿರು ಸಾಲದೆ ಹೋದರೆ ಮೈ ನೀಲಿ ಆಗುತ್ತದೆ ಅಂತ ಪುಸ್ತಕದಲ್ಲಿದೆ. ಕಪ್ಪು ಚರ್ಮದಲ್ಲಿ ಅದು ಮುಖದ ಮೇಲೆ ಕಾಣುವುದು ಕಷ್ಟ. ತುಟಿಯ ಒಳಭಾಗ, ನಾಲಿಗೆ, ಉಗುರಿನ ಬುಡ ನೋಡಬೇಕು. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಕೂಡ ಕಪ್ಪು ಚರ್ಮದಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. 2020ರ ಡಿಸೆಂಬರಿನಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು ಇದನ್ನು ಲೆಕ್ಕ ಹಾಕಿ ತೋರಿಸಿದರು. ಬಿಳಿಯರಿಗೆ ಹೋಲಿಸಿದರೆ ಕಪ್ಪು ರೋಗಿಗಳಲ್ಲಿ ಆಮ್ಲಜನಕದ ಕೊರತೆ ಆ ಯಂತ್ರದ ಕಣ್ಣಿಗೆ ಬೀಳದೆ ಹೋಗುವುದು ಸುಮಾರು ಮೂರು ಪಟ್ಟು ಜಾಸ್ತಿ. ಹಾಗಾಗಿ ಅವಳಿಗೆ ಉಸಿರಿನ ತ್ರಾಸು ಕಂಡರೆ ‘ರೀಡಿಂಗ್ ಸರಿ ಐತಿ’ ಅಂದಾಗಲೂ ಇನ್ನೊಮ್ಮೆ ನೋಡಿ ಅಂತ ಕೇಳಿ. ಎರಡನೆಯದು ಮಾತ್ರೆಯ ಅಲರ್ಜಿ. ಕೆಲವು ಫಿಟ್ಸ್ ಮಾತ್ರೆಗಳು, ಅದರಲ್ಲೂ ಲ್ಯಾಮೊಟ್ರಿಜಿನ್, ಕಾರ್ಬಮಜೆಪಿನ್, ಫೆನಿಟಾಯಿನ್, ಶುರು ಮಾಡಿದ ಮೊದಲ ಎಂಟು ವಾರದಲ್ಲಿ ಮೈಮೇಲೆ ಗಂದೆ ತರಬಹುದು, ಅಪರೂಪಕ್ಕೆ ಅದು ಜೀವಕ್ಕೆ ಕುತ್ತು. ಕೆಂಪು ಗಂದೆ ಅಂತ ಎಲ್ಲ ಕಡೆ ಬರೆದಿರುತ್ತಾರೆ. ನಿಮ್ಮ ಚರ್ಮದಲ್ಲಿ ಅದು ಕೆಂಪಾಗಿ ಕಾಣದೆ ಕಂದು, ನೇರಳೆ ಅಥವಾ ಇನ್ನಷ್ಟು ಕಪ್ಪಾಗಿ ಕಾಣಬಹುದು. ಬಾಯಿ ಹುಣ್ಣು, ಕಣ್ಣು ಕೆಂಪಾಗುವುದು, ಜ್ವರ, ಚರ್ಮ ಮುಟ್ಟಿದರೆ ಉರಿ, ಇದರಲ್ಲಿ ಯಾವುದು ಕಂಡರೂ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು.

ಈ ಎರಡನ್ನೂ ವೈದ್ಯರು ತಿಳಿದಿರಬೇಕು. ಚರ್ಮ, ಕೂದಲು ಲೆಕ್ಕಕ್ಕೆ ಬರುವ ಜಾಗ ಇಷ್ಟೇ ಸ್ವಲ್ಪ. ಇದು ಬಿಟ್ಟು ‘ನಿಮ್ಮ ಮಂದಿ ಗಟ್ಟಿ, ತಡ್ಕೋತಾರ’ ಅನ್ನುವಂಥದ್ದೆಲ್ಲ ವಿಜ್ಞಾನ ಅಲ್ಲ. 2016ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನು ಕೇಳಿದಾಗ ಅರ್ಧದಷ್ಟು ಜನ ಕಪ್ಪು ಜನರ ಚರ್ಮ ದಪ್ಪ ಅನ್ನುವಂಥ ಒಂದಾದರೂ ಸುಳ್ಳನ್ನು ನಂಬಿದ್ದರು. ನಮ್ಮಲ್ಲಿ ಹಾಗೆ ಕೇಳಿದರೆ ಉತ್ತರ ಬಹಳ ಬೇರೆ ಬರುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ಮಾತ್ರೆಗೆ ಬರೋಣ. ಮೊದಲು ಒಂದು ಮಾತು, ವಾಲ್ಪ್ರೊಯೇಟ್ ಅನ್ನು ಇವತ್ತು ನಾಳೆ ಅಂತ ತಟ್ಟನೆ ನಿಲ್ಲಿಸಬೇಡಿ. ತಟ್ಟನೆ ಬಿಟ್ಟರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ಐಸಿಯು ಸೇರುವ ಹಾಗಾಗಬಹುದು. ಜೆಎಂಇಗೆ ವಾಲ್ಪ್ರೊಯೇಟ್‌ನಷ್ಟು ಚೆನ್ನಾಗಿ ಹಿಡಿಯುವ ಔಷಧ ಕಡಿಮೆ, ಫಿಟ್ಸ್ ಕಡಿಮೆ ಆದದ್ದು ಅದಕ್ಕೇ. ಆದರೆ ಹೆಣ್ಣುಮಕ್ಕಳಿಗೆ ಅದರಲ್ಲಿ ದೊಡ್ಡ ತೊಡಕು ಇದೆ. ಬಸಿರಿನಲ್ಲಿ ಈ ಮಾತ್ರೆ ನಡೆದರೆ 100ರಲ್ಲಿ ಸುಮಾರು 10 ಮಕ್ಕಳಿಗೆ ಹುಟ್ಟುವಾಗಲೇ ಅಂಗದ ದೋಷ ಇರುತ್ತದೆ. 30ರಿಂದ 40 ಮಕ್ಕಳಿಗೆ ಮಾತು, ಕಲಿಕೆ, ಬುದ್ಧಿಯ ಬೆಳವಣಿಗೆಯಲ್ಲಿ ತೊಂದರೆ ಆಗಬಹುದು. 20 ವರ್ಷದ, ಮದುವೆ ಮಾತು ನಡೆದಿರುವ ಹುಡುಗಿಗೆ ಇದನ್ನು ಹೇಳದೆ ಚೀಟಿ ಬರೆದು ಕಳಿಸಬಾರದಿತ್ತು. ತೂಕ ಏರುವುದು, ಕೂದಲು ಉದುರುವುದು, ಕೈ ನಡುಕ, ಮುಟ್ಟು ಏರುಪೇರಾಗುವುದು, ಇವೂ ಅದೇ ಮಾತ್ರೆಯಿಂದ.

ದಾರಿ ಏನೇನಿವೆ? ಹೆಚ್ಚಿನ ನರರೋಗ ವೈದ್ಯರು ಇಂಥ ಹುಡುಗಿಗೆ ಲೆವೆಟಿರಾಸೆಟಮ್ ಯೋಚಿಸುತ್ತಾರೆ. ಬಸಿರಿನಲ್ಲಿ ಅದು ಎಷ್ಟೋ ಸುರಕ್ಷಿತ, ತೂಕ ಹೆಚ್ಚಿಸುವುದಿಲ್ಲ. ಕೆಲವರಿಗೆ ಸಿಟ್ಟು, ಮನಸ್ಸು ಕುಗ್ಗುವುದು ಆಗುತ್ತದೆ. ಅವಳು ಈಗಲೇ ಬಹಳ ನೊಂದಿದ್ದಾಳೆ, ಹಾಗಾಗಿ ಮೊದಲ ಎರಡು ತಿಂಗಳು ಅವಳ ಮನಸ್ಸಿನ ಕಡೆ ಕಣ್ಣಿಡಿ, ಸಾಯುವ ಮಾತು ಬಂದರೆ ಕೂಡಲೇ ಡಾಕ್ಟರಿಗೆ ತಿಳಿಸಿ. ಹೊಸದನ್ನು ಸೇರಿಸಿ, ಅದು ಹಿಡಿದ ಮೇಲೆ ಹಳೆಯದನ್ನು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಆ ನಡುವೆ ಫಿಟ್ಸ್ ತಿರುಗಿ ಬರಬಹುದು, ಅದಕ್ಕೆ ಪರೀಕ್ಷೆಯ ತಿಂಗಳು ಬಿಟ್ಟು ಶುರು ಮಾಡಿ. ಲ್ಯಾಮೊಟ್ರಿಜಿನ್ ಇನ್ನೊಂದು ದಾರಿ. ಬಸಿರಿಗೆ ಒಳ್ಳೆಯದು, ಆದರೆ ಬಹಳ ನಿಧಾನ ಏರಿಸಬೇಕು, ಗಂದೆಯ ಅಪಾಯ ಇದೆ, ಮತ್ತೆ ಜೆಎಂಇಯ ಕೆಲವರಲ್ಲಿ ಅದೂ ಜಿಗಿತ ಹೆಚ್ಚಿಸುತ್ತದೆ. ಬೇರೆ ಯಾವುದೂ ಹಿಡಿಯದಿದ್ದರೆ ವಾಲ್ಪ್ರೊಯೇಟ್ ಅನ್ನೇ ಆದಷ್ಟು ಕಡಿಮೆ ಪ್ರಮಾಣದಲ್ಲಿ ಇಟ್ಟುಕೊಳ್ಳುವುದೂ ಉಂಟು. ಆಗ ಬಸಿರು ತಡೆಯುವ ಉಪಾಯ ಖಚಿತವಾಗಿರಬೇಕು, ಅವಳಿಗೆ ಎಲ್ಲ ತಿಳಿದು ಅವಳೇ ಒಪ್ಪಿರಬೇಕು. ಯಾವ ಮಾತ್ರೆ ಆದರೂ ಮಗು ಬೇಕು ಅನ್ನುವ ಮೊದಲೇ ಫೋಲಿಕ್ ಆಸಿಡ್ ಶುರುವಾಗಬೇಕು, ಪ್ರಮಾಣ ಡಾಕ್ಟರ್ ಹೇಳುತ್ತಾರೆ. ಜೆಎಂಇ ಮಾತ್ರೆಗೆ ಚೆನ್ನಾಗಿ ಬಗ್ಗುವ ಕಾಯಿಲೆ. ಆದರೆ ಮಾತ್ರೆ ಬಿಟ್ಟರೆ ಬಹಳ ಜನರಿಗೆ ತಿರುಗಿ ಬರುತ್ತದೆ, ಆದ್ದರಿಂದ ಎಷ್ಟೋ ವರ್ಷ ತೆಗೆದುಕೊಳ್ಳುವ ಮನಸ್ಸು ಮಾಡಬೇಕು.

ನಿದ್ದೆ ಮಾತ್ರೆಯಷ್ಟೇ ಮುಖ್ಯ. ಊರಿಗೆ ಬಂದವಳು ನಸುಕಿನ ಬಸ್ ಹಿಡಿದು ಕಾಲೇಜಿಗೆ ಓಡುವುದು, ಪರೀಕ್ಷೆಗೆ ರಾತ್ರಿಯೆಲ್ಲ ಓದುವುದು, ಇವು ಜೆಎಂಇಗೆ ನೇರ ಶತ್ರು. ಹಿಂದಿನ ಸಂಜೆಯೇ ಧಾರವಾಡಕ್ಕೆ ಹೋಗಿ ಮಲಗಲಿ. ಬೆಳಗಿನ ಹೊತ್ತು ಒಲೆಯ ಮುಂದೆ, ಬಾವಿ ಕೆರೆಯ ದಂಡೆಯಲ್ಲಿ ಅವಳೊಬ್ಬಳೇ ಇರುವುದು ಬೇಡ. ಗಾಡಿ ಓಡಿಸುವುದೂ ಬೇಡ. ಹಾಸ್ಟೆಲ್‌ನಲ್ಲಿ ಒಬ್ಬ ಗೆಳತಿಗಾದರೂ ಹೇಳಿ ಇಡಲಿ. ಫಿಟ್ಸ್ ಬಂದಾಗ ಪಕ್ಕಕ್ಕೆ ಹೊರಳಿಸಬೇಕು, ತಲೆಯ ಕೆಳಗೆ ಮೆತ್ತಗಿನದು ಇಡಬೇಕು, ಗಡಿಯಾರ ನೋಡಬೇಕು. ಕೈಗೆ ಕಬ್ಬಿಣ, ಮೂಗಿಗೆ ಉಳ್ಳಾಗಡ್ಡಿ, ಬಾಯಿಗೆ ಚಮಚ, ನೀರು, ಯಾವುದೂ ಬೇಡ. ಐದು ನಿಮಿಷ ದಾಟಿದರೆ 108. ಮನೆಯಲ್ಲಿ ಇಟ್ಟುಕೊಳ್ಳುವ ಮಿಡಜೋಲಾಮ್ ಮೂಗಿನ ಸ್ಪ್ರೇ ಬಗ್ಗೆ ಡಾಕ್ಟರನ್ನು ಕೇಳಿ.

ಮದುವೆಯಲ್ಲಿ ಮುಚ್ಚಿಡಬೇಡಿ ಅನ್ನುವುದು ನನ್ನ ಅನುಭವದ ಮಾತು. ಮುಚ್ಚಿಟ್ಟ ಹುಡುಗಿ ಅತ್ತೆಮನೆಯಲ್ಲಿ ಮಾತ್ರೆ ಕದ್ದು ನುಂಗಬೇಕಾಗುತ್ತದೆ, ಕೊನೆಗೆ ಬಿಟ್ಟೇ ಬಿಡುತ್ತಾಳೆ, ಮೊದಲ ತಿಂಗಳಲ್ಲೇ ಫಿಟ್ಸ್ ಬರುತ್ತದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಅಪಸ್ಮಾರ ಇದ್ದವರ ಮದುವೆಗೆ ಇದ್ದ ಅಡ್ಡಿಯನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಅಪಸ್ಮಾರ ಇರುವ ತಾಯಿಯರಿಗೆ ಹುಟ್ಟುವ ಮಕ್ಕಳಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಮಕ್ಕಳಿಗೆ ಅದು ಬರುವುದೇ ಇಲ್ಲ. ಗಂಡಿನ ಕಡೆಯವರಿಗೆ ಅನುಮಾನ ಇದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಬನ್ನಿ. ಆದರೆ ಈ ವರ್ಷವೇ ಮದುವೆ ಆಗಬೇಕಾ, ಮಾತ್ರೆ ಬದಲಾಯಿಸಿ ಡಿಗ್ರಿ ಮುಗಿಸಿದ ಮೇಲಾ, ಅದನ್ನು ಅವಳನ್ನೇ ಕೇಳಿ.

ಈಗ ದೂರು. ನಿಮ್ಮ ಹೆದರಿಕೆ ಸುಳ್ಳಲ್ಲ. ಹಾಗಾಗಿ ಚಿಕಿತ್ಸೆಯನ್ನೂ ದೂರನ್ನೂ ಬೇರೆ ಬೇರೆ ಇಡಿ. ಚಿಕಿತ್ಸೆ ಬೇರೆ ಕಡೆ ಶುರುವಾಗಲಿ. ತಂಗಿ ಧಾರವಾಡದಲ್ಲೇ ಇದ್ದಾಳೆ, ಮನಸ್ಸು ಮತ್ತು ನರರೋಗದ ಸರ್ಕಾರಿ ಸಂಸ್ಥೆ ಡಿಮ್ಹಾನ್ಸ್ ಅಲ್ಲೇ ಇದೆ, ಹುಬ್ಬಳ್ಳಿಯಲ್ಲಿ ಮಂದಿ ಕಿಮ್ಸ್ ಅನ್ನುವ ಸರ್ಕಾರಿ ಆಸ್ಪತ್ರೆ (ಈಗಿನ ಹೆಸರು ಕೆಎಂಸಿಆರ್‌ಐ) ಇದೆ. ಊರಲ್ಲಿದ್ದಾಗ ಮಾತ್ರೆ ತಪ್ಪದಿರಲು ಕಲಘಟಗಿ ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ (ಸರ್ಕಾರದ ಮಾನಸಿಕ ಆರೋಗ್ಯ ಕ್ಲಿನಿಕ್) ಬಗ್ಗೆ ವಿಚಾರಿಸಿ. ಹಳೆಯ ಆಸ್ಪತ್ರೆಯಿಂದ ದಾಖಲೆ ಕೇಳಿ ಪಡೆಯಿರಿ. ಕೇಳಿದ 72 ಗಂಟೆಯೊಳಗೆ ಡಾಕ್ಟರ್ ಕೊಡಬೇಕು, ವೈದ್ಯರ 2002ರ ನೀತಿ ನಿಯಮದಲ್ಲೇ ಅದು ಇದೆ.

ದೂರು ಕೊಡುವುದಾದರೆ ಮೊದಲು ಬರೆದಿಡಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾರು, ಅವರ ಬಾಯಿಂದ ಬಂದ ಮಾತು ಹಾಗ್ಹಾಗೇ, ಅಲ್ಲಿ ಯಾರಿದ್ದರು. ಅದು ಸರ್ಕಾರಿ ಆಸ್ಪತ್ರೆ ಆಗಿದ್ದರೆ ಅದರ ಮುಖ್ಯಸ್ಥರಿಗೆ ಕೊಡಿ, ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ಖಾಸಗಿ ಆಗಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಕುಂದುಕೊರತೆ ಪ್ರಾಧಿಕಾರ ಇದೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲೇ ಅದನ್ನು ಮಾಡಿದ್ದಾರೆ. ಇನ್ನೊಂದು ವಿಷಯ ನಿಮ್ಮ ಊರಲ್ಲೇ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಉತ್ತರ ಕನ್ನಡದ ಸಿದ್ದಿಯರು 2003ರಿಂದ ಪರಿಶಿಷ್ಟ ಪಂಗಡದಲ್ಲಿದ್ದಾರೆ, ಧಾರವಾಡ ಮತ್ತು ಬೆಳಗಾವಿ ಜಿಲ್ಲೆಯ ಸಿದ್ದಿಯರು ಸೇರಿದ್ದು 2020ರಲ್ಲಿ. ಹಾಗಾಗಿ 1989ರ ದೌರ್ಜನ್ಯ ತಡೆ ಕಾಯ್ದೆ ಈಗ ನಿಮಗೂ ಅನ್ವಯಿಸುತ್ತದೆ. ಜನರ ಎದುರು ಜಾತಿ ಹಿಡಿದು ಅವಮಾನಿಸುವುದು, ಆಸ್ಪತ್ರೆಗೆ ಬರದಂತೆ ತಡೆಯುವುದು ಅದರಡಿ ಅಪರಾಧ. ನಿಮ್ಮ ಪ್ರಕರಣ ಅದಕ್ಕೆ ನಿಲ್ಲುತ್ತದಾ ಅಂತ ವಕೀಲರು ಹೇಳಬೇಕು, ಸಾಕ್ಷಿ ಬೇಕು, ಅಲೆದಾಟ ಇರುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಪರಿಶಿಷ್ಟ ಪಂಗಡದವರಿಗೆ, ಹೆಣ್ಣುಮಕ್ಕಳಿಗೆ ವಕೀಲರು ಉಚಿತ. ಜಾತಿ ಪ್ರಮಾಣಪತ್ರ ಇನ್ನೂ ಮಾಡಿಸಿಲ್ಲದಿದ್ದರೆ ಮಾಡಿಸಿ, ಅವಳ ವಿದ್ಯಾರ್ಥಿವೇತನಕ್ಕೂ ಬೇಕು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯೂ ಇದೆ, ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ.

ತಂಗಿ ಬರುವುದಿಲ್ಲ ಅಂದಳಲ್ಲ, ಅವಳನ್ನು ಒತ್ತಾಯಿಸಿ ಎಳೆದುಕೊಂಡು ಹೋಗಬೇಡಿ. ಮೊದಲ ಸಲ ನೀವು ಫೈಲು, ವಿಡಿಯೋ ಹಿಡಿದು ಹೋಗಿ ಡಾಕ್ಟರನ್ನು ಕಂಡು ಬನ್ನಿ, ಕೂದಲಿನ ವಿಷಯ ಮೊದಲೇ ಮಾತಾಡಿ. ಅವರು ಸರಿಯಾಗಿ ಕೇಳಿಸಿಕೊಂಡರೆ ಅವಳಿಗೆ ಹಾಗಂತ ಹೇಳಿ, ಆಮೇಲೆ ಕರೆದುಕೊಂಡು ಹೋಗಿ. ಅವಳ ಎರಡು ವಾಕ್ಯ ಡಾಕ್ಟರ ಕಿವಿಗೆ ಬೀಳಲೇಬೇಕು: ಬೆಳಗ್ಗೆ ಕೈ ಜಿಗಿಯುತ್ತದೆ, ಕಾರ್ಬಮಜೆಪಿನ್‌ನಿಂದ ಅದು ಜಾಸ್ತಿ ಆಯಿತು. ಚೀಟಿಯ ಮೇಲೆ ಬರೆದು ಕೊಟ್ಟರೂ ಆದೀತು. ಅಲ್ಲಿಯವರೆಗೆ ಈಗಿನ ಮಾತ್ರೆ ಒಂದು ಹೊತ್ತೂ ತಪ್ಪದಿರಲಿ, ಮುಗಿಯುವ ಒಂದು ವಾರ ಮೊದಲೇ ತಂದಿಡಿ. ಮತ್ತೆ ಅವ್ವನಿಗೆ ಹೇಳಿ, ಆ ಕಪ್ಪು ಬಿದ್ದದ್ದು ಹುಡುಗಿಯ ತಪ್ಪಲ್ಲ ಅಂತ.